ಸೊನ್ನೆಯೂ ಖಾಲಿಯೂ ಒಂದೇ ಅಲ್ಲ

ಗೊತ್ತಿಲ್ಲದ್ದನ್ನು ಏನೆಂದು ಬರೆಯಬೇಕು? ಮೇಲ್ನೋಟಕ್ಕೆ ಇದು ಶಾಲೆಯ ಮಕ್ಕಳು ಕೇಳುವ ಪ್ರಶ್ನೆಯಂತೆ ತೋರುತ್ತದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಬರೆದರಾಯಿತು, ಅದರಲ್ಲೇನು ಕಷ್ಟ ಎಂದು ನೀವು ಹೇಳಬಹುದು. ನಾನೂ ಬಹಳ ಕಾಲ ಹಾಗೆಯೇ ಭಾವಿಸಿದ್ದೆ. ಆದರೆ ಕೆಲವು ತಿಂಗಳ ಹಿಂದೆ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟ ಒಂದು ಕೋಷ್ಟಕವು ಈ ಸರಳ ಪ್ರಶ್ನೆಯ ಆಳವನ್ನು ನನಗೆ ಮನಗಾಣಿಸಿತು. ಆ ಸಂಜೆಯ ಚಿಂತನೆಯನ್ನು ಓದುಗರೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಆತ ಇಂಜಿನಿಯರಿಂಗ್ ಮುಗಿಸಿ ದತ್ತಾಂಶ ವಿಜ್ಞಾನವನ್ನು, ಅಂದರೆ ಎಲ್ಲರೂ 'ಡೇಟಾ ಸೈನ್ಸ್' ಎಂದು ಕರೆಯುವ ವಿದ್ಯೆಯನ್ನು ಕಲಿಯುತ್ತಿದ್ದಾನೆ. ಉದ್ಯೋಗದ ಸಂದರ್ಶನವೊಂದು ಹತ್ತಿರವಾಗಿತ್ತು. ಭಾನುವಾರ ಸಂಜೆ ಗುರುನಿವಾಸಕ್ಕೆ ಬಂದವನು, "ಫಾದರ್, ನಾನು ಮಾಡಿರುವುದನ್ನು ಯಾರಿಗಾದರೂ ವಿವರಿಸಿ ಅಭ್ಯಾಸ ಮಾಡಿಕೊಳ್ಳಬೇಕು. ನಿಮಗೆ ಅರ್ಥವಾದರೆ ಎಲ್ಲರಿಗೂ ಅರ್ಥವಾಗುತ್ತದೆ" ಎಂದ. ಇದು ಹೊಗಳಿಕೆಯೋ ಅಲ್ಲವೋ ತಿಳಿಯದೆ ನಾನು ಕುರ್ಚಿ ಎಳೆದುಕೊಂಡು ಕುಳಿತೆ.

ಯಂತ್ರ ಕಲಿಯುವುದೆಂದರೆ

ಆತ ಬಳಸುವ ಗಣಕ ಭಾಷೆಯ ಹೆಸರು ಪೈಥಾನ್. ಅದು ಹಾವಿನ ಹೆಸರೆಂದು ನಾನು ತಿಳಿದಿದ್ದೆ. ನೆದರ್ಲೆಂಡ್ಸ್ ದೇಶದ ಗೀಡೋ ವಾನ್ ರಾಸಮ್ ಎಂಬವರು 1991ರಲ್ಲಿ ಈ ಭಾಷೆಯನ್ನು ಮೊದಲ ಬಾರಿಗೆ ಹೊರತಂದಾಗ, ತಮಗೆ ಪ್ರಿಯವಾಗಿದ್ದ 'ಮಾಂಟಿ ಪೈಥಾನ್' ಎಂಬ ಬ್ರಿಟಿಷ್ ಹಾಸ್ಯ ತಂಡದ ಹೆಸರನ್ನು ಅದಕ್ಕಿಟ್ಟರಂತೆ. ಕೋಷ್ಟಕಗಳನ್ನು ಓದಲು, ತಿದ್ದಲು, ಒಪ್ಪಗೊಳಿಸಲು ಈ ಭಾಷೆಯಲ್ಲಿ 'ಪಾಂಡಾಸ್' ಎಂಬ ಸಲಕರಣೆ ಇದೆ. ಅದರ ಕೆಲಸ 2008ರಲ್ಲಿ ಆರಂಭವಾಯಿತು. ಯಂತ್ರಕ್ಕೆ ಕಲಿಸಲು 'ಸೈಕಿಟ್-ಲರ್ನ್' ಎಂಬುದಿದೆ. 2007ರಲ್ಲಿ ಹುಟ್ಟಿದ ಆ ಯೋಜನೆ 2010ರಲ್ಲಿ ಸಾರ್ವಜನಿಕರ ಕೈಗೆ ಬಂತು. ಇವೆಲ್ಲವೂ ಉಚಿತ. ಯಾರು ಬೇಕಾದರೂ ಬಳಸಬಹುದು, ಒಳಗೇನಿದೆಯೆಂದು ತೆರೆದು ನೋಡಬಹುದು, ತಿದ್ದಲೂಬಹುದು. ವಿದ್ಯೆಯನ್ನು ಹೀಗೆ ಮುಕ್ತವಾಗಿ ಹಂಚಿಕೊಳ್ಳುವ ಪದ್ಧತಿ ಮೆಚ್ಚತಕ್ಕದ್ದು.

ಆದರೆ ಯಂತ್ರ 'ಕಲಿಯುವುದು' ಎಂದರೇನು? ತಾಯಿ ಮಗುವಿನ ಹಣೆ ಮುಟ್ಟಿ ಜ್ವರವಿದೆಯೆಂದು ಹೇಳುತ್ತಾಳೆ. ಇಷ್ಟು ಬಿಸಿಯಾದರೆ ಜ್ವರ ಎಂಬ ಸೂತ್ರವನ್ನು ಆಕೆಗೆ ಯಾರೂ ಬಾಯಿಪಾಠ ಮಾಡಿಸಿಲ್ಲ. ಹತ್ತಾರು ಬಾರಿ ಮುಟ್ಟಿ, ಹತ್ತಾರು ಬಾರಿ ಪರಿಣಾಮವನ್ನು ಕಂಡು, ಅವಳ ಅಂಗೈಯೇ ಒಂದು ಅಳತೆಗೋಲಾಗಿದೆ. ಯಂತ್ರಕಲಿಕೆಯಲ್ಲಿಯೂ ನಾವು ಸೂತ್ರವನ್ನು ಕೊಡುವುದಿಲ್ಲ. ಉದಾಹರಣೆಗಳನ್ನೂ ಅವುಗಳ ಉತ್ತರಗಳನ್ನೂ ಕೊಡುತ್ತೇವೆ. ಯಾವ ಅಂಶಕ್ಕೆ ಎಷ್ಟು ತೂಕವೆಂಬುದನ್ನು ಯಂತ್ರ ತಾನೇ ಲೆಕ್ಕಹಾಕಿಕೊಳ್ಳುತ್ತದೆ. ಬಳಿಕ ಉತ್ತರ ಗೊತ್ತಿಲ್ಲದ ಹೊಸ ಉದಾಹರಣೆಯನ್ನು ಮುಂದಿಟ್ಟರೆ ತನ್ನ ಅಂದಾಜನ್ನು ಹೇಳುತ್ತದೆ.

ಆ ಯುವಕ ಆರಿಸಿಕೊಂಡಿದ್ದ ಉದಾಹರಣೆಗಳು 768 ಮಹಿಳೆಯರದ್ದು. ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಫೀನಿಕ್ಸ್ ನಗರದ ಬಳಿ ವಾಸಿಸುವ ಪಿಮಾ ಎಂಬ ಮೂಲನಿವಾಸಿ ಜನಾಂಗದ, 21 ವರ್ಷ ತುಂಬಿದ ಮಹಿಳೆಯರು ಇವರು. ಪ್ರತಿಯೊಬ್ಬರಿಗೂ ಒಂದು ಸಾಲು. ಪ್ರತಿ ಸಾಲಿನಲ್ಲಿ ಎಂಟು ಅಂಕಣಗಳು: ಎಷ್ಟು ಬಾರಿ ಗರ್ಭಿಣಿಯಾಗಿದ್ದರು, ರಕ್ತದಲ್ಲಿನ ಸಕ್ಕರೆಯ ಪ್ರಮಾಣ, ರಕ್ತದೊತ್ತಡ, ತೋಳಿನ ಚರ್ಮದ ಮಡಿಕೆಯ ದಪ್ಪ, ಇನ್ಸುಲಿನ್, ಎತ್ತರಕ್ಕೆ ತಕ್ಕ ದೇಹತೂಕದ ಸೂಚ್ಯಂಕ, ಕುಟುಂಬದಲ್ಲಿ ಈ ರೋಗವಿರುವುದರ ಸೂಚಿ, ವಯಸ್ಸು. ಒಂಬತ್ತನೆಯ ಅಂಕಣದಲ್ಲಿ ಉತ್ತರ: ಮಧುಮೇಹ ಬಂದಿತೋ ಇಲ್ಲವೋ. 268 ಮಂದಿಗೆ ಬಂದಿತ್ತು, 500 ಮಂದಿಗೆ ಇರಲಿಲ್ಲ. ಅಮೆರಿಕದ ರಾಷ್ಟ್ರೀಯ ಸಂಸ್ಥೆಯೊಂದು ಸಂಗ್ರಹಿಸಿದ ಈ ವಿವರಗಳು 1990ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ದತ್ತಾಂಶ ಭಂಡಾರಕ್ಕೆ ಸೇರಿದವು. ಅಂದಿನಿಂದ ಜಗತ್ತಿನಾದ್ಯಂತ ಲೆಕ್ಕವಿಲ್ಲದಷ್ಟು ವಿದ್ಯಾರ್ಥಿಗಳು ತಮ್ಮ ಮೊದಲ ಪಾಠವನ್ನು ಇದರ ಮೇಲೆಯೇ ಕಲಿತಿದ್ದಾರೆ.

ಆತ 768 ಸಾಲುಗಳಲ್ಲಿ 614ನ್ನು ಯಂತ್ರಕ್ಕೆ ಕಲಿಸಲು ಬಳಸಿ, 154ನ್ನು ಪರೀಕ್ಷೆಗೆಂದು ಮುಚ್ಚಿಟ್ಟಿದ್ದ. ಪಾಠದಲ್ಲಿ ಬಿಡಿಸಿ ತೋರಿಸಿದ ಲೆಕ್ಕವನ್ನೇ ಪರೀಕ್ಷೆಯಲ್ಲಿ ಕೊಟ್ಟರೆ ಮಗು ಕಲಿತಿದೆಯೋ ಬಾಯಿಪಾಠ ಮಾಡಿದೆಯೋ ತಿಳಿಯುವುದಿಲ್ಲವಷ್ಟೆ. ಪರೀಕ್ಷೆಯ 154ರಲ್ಲಿ 119 ಉತ್ತರಗಳು ಸರಿಯಾಗಿದ್ದವು. ನೂರಕ್ಕೆ 77. ಅವನ ಮುಖದಲ್ಲಿ ಸಂತೋಷವಿತ್ತು. ಏನನ್ನೂ ಕಲಿಯದೆ ಎಲ್ಲರಿಗೂ 'ರೋಗವಿಲ್ಲ' ಎಂದುಬಿಡುವ ಸೋಮಾರಿ ಯಂತ್ರವೂ ಈ ಕೋಷ್ಟಕದಲ್ಲಿ ನೂರಕ್ಕೆ 65 ಅಂಕ ಗಳಿಸುತ್ತದೆ ಎಂಬುದನ್ನೂ ಆತನೇ ಪ್ರಾಮಾಣಿಕವಾಗಿ ವಿವರಿಸಿದ.

ಬದುಕಿರುವವರಿಗೆ ರಕ್ತದೊತ್ತಡ ಸೊನ್ನೆಯೇ?

ಕೋಷ್ಟಕವನ್ನು ಸುಮ್ಮನೆ ಮೇಲಿನಿಂದ ಕೆಳಕ್ಕೆ ನೋಡುತ್ತಿದ್ದ ನನ್ನ ಕಣ್ಣು ಒಂದು ಕಡೆ ನಿಂತಿತು. ರಕ್ತದೊತ್ತಡದ ಅಂಕಣದಲ್ಲಿ ಸೊನ್ನೆ. "ಇದೇನಪ್ಪ, ಈ ತಾಯಿ ಬದುಕಿದ್ದಾಳೆಯೇ?" ಎಂದು ಕೇಳಿದೆ. ಆತ ನಕ್ಕ. ಆಮೇಲೆ ನಗು ನಿಲ್ಲಿಸಿ ಎಣಿಸತೊಡಗಿದ. ಪೈಥಾನಿನಲ್ಲಿ ಇದಕ್ಕೆ ಒಂದು ಸಾಲು ಸಾಕು. ರಕ್ತದೊತ್ತಡ ಸೊನ್ನೆ ಇದ್ದವರು 35 ಮಂದಿ. ದೇಹತೂಕದ ಸೂಚ್ಯಂಕ ಸೊನ್ನೆ ಇದ್ದವರು 11 ಮಂದಿ. ರಕ್ತದ ಸಕ್ಕರೆ ಸೊನ್ನೆ ಇದ್ದವರು ಐವರು. ಚರ್ಮದ ಮಡಿಕೆ ಸೊನ್ನೆ 227 ಮಂದಿಗೆ. ಇನ್ಸುಲಿನ್ ಸೊನ್ನೆ 374 ಮಂದಿಗೆ, ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಮಹಿಳೆಯರಿಗೆ.

ಅಳತೆ ಮಾಡದ ಕಡೆಗಳಲ್ಲಿ ಯಾರೋ ಸೊನ್ನೆ ಬರೆದಿದ್ದಾರೆ ಎಂಬುದು ಸ್ಪಷ್ಟ. ಗರ್ಭಿಣಿಯಾದ ಸಂಖ್ಯೆಯ ಅಂಕಣದಲ್ಲಿಯೂ 111 ಸೊನ್ನೆಗಳಿವೆ. ಆದರೆ ಅವು ನಂಬಬಹುದಾದ ಸೊನ್ನೆಗಳು. ಒಂದೇ ಗುಂಡಗಿನ ಚಿಹ್ನೆ, ಒಂದು ಕಡೆ 'ಇಲ್ಲ' ಎನ್ನುತ್ತದೆ, ಇನ್ನೊಂದು ಕಡೆ 'ಗೊತ್ತಿಲ್ಲ' ಎನ್ನುತ್ತದೆ. ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಯಂತ್ರಕ್ಕಂತೂ ಕಾಣುವುದೇ ಇಲ್ಲ. ಅದು ಇನ್ಸುಲಿನ್ ಇಲ್ಲದ 374 ಮಹಿಳೆಯರಿದ್ದಾರೆಂದು ನಂಬಿ ಪಾಠ ಕಲಿಯುತ್ತದೆ.

ಇನ್ನೂ ಸೋಜಿಗದ ಸಂಗತಿಯೊಂದಿದೆ. ಆ ಭಂಡಾರದ ವಿವರಣೆಯಲ್ಲಿ 'ಈ ಕೋಷ್ಟಕದಲ್ಲಿ ಬಿಟ್ಟುಹೋದ ಮಾಹಿತಿ ಇಲ್ಲ' ಎಂದು 2011ರ ಫೆಬ್ರವರಿಯವರೆಗೂ ಬರೆದಿತ್ತು. ಬಳಸುವವರೊಬ್ಬರು ಇದು ಅಸಾಧ್ಯವೆಂದು ತೋರಿಸಿಕೊಟ್ಟ ಮೇಲೆಯೇ ಅದನ್ನು ತಿದ್ದಲಾಯಿತು. ಅಲ್ಲಿಯವರೆಗಿನ 21 ವರ್ಷಗಳಲ್ಲಿ ಎಷ್ಟು ಬುದ್ಧಿವಂತರ ಕಣ್ಣುಗಳು ಆ ಸೊನ್ನೆಗಳ ಮೇಲೆ ಹಾದುಹೋಗಿರಬೇಕು! ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನಲ್ಲ.

ನಾನು ಬರೆದ ಸೊನ್ನೆ

"ಫಾದರ್, ಒಂದು ಚೌಕದಲ್ಲಿ ಸೊನ್ನೆ ಇದ್ದರೆ ಯಾರಿಗೆ ಏನು ನಷ್ಟ? ಒಟ್ಟಾರೆ ಫಲಿತಾಂಶ ಸರಿಯಾಗಿ ಬರುತ್ತಿದೆಯಲ್ಲ?" ಎಂದು ಆತ ಕೇಳಿದ. ಅದಕ್ಕೆ ಉತ್ತರವಾಗಿ ನನ್ನದೇ ಒಂದು ತಪ್ಪನ್ನು ಹೇಳಬೇಕಾಯಿತು. ಇಲ್ಲಿಯೂ ಅದನ್ನು ಮರೆಮಾಚುವುದಿಲ್ಲ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಹಳ್ಳಿಗಾಡಿನ ಧರ್ಮಕೇಂದ್ರವೊಂದರಲ್ಲಿದ್ದೆ. ಬಡ ರೋಗಿಗಳ ಔಷಧಿಯ ಖರ್ಚಿಗೆಂದು ಸ್ವಲ್ಪ ಹಣ ಒದಗಿಬಂತು. ಯುವಕರು ಮನೆಮನೆಗೆ ಹೋಗಿ ವಿವರಗಳನ್ನು ಬರೆದು ತಂದರು. ಬೀಗ ಹಾಕಿದ್ದ ಮನೆಗಳ ಮುಂದೆ 'ರೋಗಿಗಳ ಸಂಖ್ಯೆ' ಎಂಬ ಚೌಕವನ್ನು ಖಾಲಿ ಬಿಟ್ಟಿದ್ದರು. ಅವರು ಮಾಡಿದ್ದು ಸರಿಯಾಗಿಯೇ ಇತ್ತು. ಅದನ್ನು ಕಂಪ್ಯೂಟರಿಗೆ ಏರಿಸುವಾಗ ನನಗೆ ಖಾಲಿ ಚೌಕಗಳು ಅಂದವಾಗಿ ಕಾಣಲಿಲ್ಲ. ಹಾಳೆ ಪೂರ್ತಿಯಾಗಿ ಕಾಣಲೆಂದು ಎಲ್ಲ ಖಾಲಿಗಳಲ್ಲಿಯೂ ಸೊನ್ನೆ ತುಂಬಿದೆ. ಹಣ ಹಂಚುವಾಗ ಸೊನ್ನೆ ಇದ್ದ ಮನೆಗಳು ತಾವಾಗಿಯೇ ಪಟ್ಟಿಯಿಂದ ಹೊರಬಿದ್ದವು.

ಅವುಗಳಲ್ಲಿ ಒಂದು ಮನೆ ಕೂಲಿಗೆ ಹೋಗುವ ಒಬ್ಬ ವಿಧವೆಯದ್ದು. ನಮ್ಮ ಹುಡುಗರು ಹೋದ ದಿನ ಆ ಮನೆಗೆ ಬೀಗ ಬಿದ್ದಿದ್ದಕ್ಕೆ ಕಾರಣ, ಆಕೆ ಹಾಸಿಗೆ ಹಿಡಿದಿದ್ದ ಅತ್ತೆಯನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದಿದ್ದಳು. ರೋಗವಿದ್ದುದರಿಂದಲೇ ಮನೆ ಮುಚ್ಚಿತ್ತು. ಮನೆ ಮುಚ್ಚಿದ್ದರಿಂದ ರೋಗವಿಲ್ಲವೆಂದು ನಾನು ಬರೆದೆ. ಇದು ನನಗೆ ತಿಳಿದದ್ದು ಆರು ತಿಂಗಳ ನಂತರ, ಆ ಅತ್ತೆಯ ಮಣ್ಣಿನ ದಿನ. "ಪಟ್ಟಿಯಲ್ಲಿ ನಮ್ಮ ಮನೆ ಇಲ್ಲ ಅಂದ್ರು ಸ್ವಾಮಿ. ನಮಗಿಂತ ಕಷ್ಟದಲ್ಲಿರೋರು ಇರ್ತಾರೆ ಅಂತ ಸುಮ್ಮನಾದೆ" ಎಂದಳು. ಆಕೆಯ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಯುವಕ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಬಳಿಕ, "ನಮ್ಮ ಪಾಠದಲ್ಲಿ ಇದಕ್ಕೊಂದು ಹೆಸರಿದೆ ಫಾದರ್. ಖಾಲಿ ಬಿದ್ದಿರುವುದು ಆಕಸ್ಮಿಕವಲ್ಲದಿದ್ದರೆ ಆ ಖಾಲಿಯೇ ಒಂದು ಮಾಹಿತಿ. ಆದರೆ ಪರೀಕ್ಷೆಗೆ ಓದಿ ಮರೆತುಬಿಟ್ಟಿದ್ದೆ" ಎಂದ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ನಾವು ಕುಸಾ ಊರಿನ ನಿಕೋಲಸರ ಹೆಸರನ್ನು ಕೇಳಿದ್ದೆವು. 1440ರಲ್ಲಿ ಅವರು ಬರೆದು ಮುಗಿಸಿದ ಗ್ರಂಥದ ಹೆಸರೇ 'ಅರಿವುಳ್ಳ ಅಜ್ಞಾನ' ಎಂಬ ಅರ್ಥದ್ದು. ತನಗೆ ತಿಳಿಯದ್ದು ಯಾವುದೆಂದು ಬಲ್ಲವನ ಅಜ್ಞಾನಕ್ಕೂ, ತಿಳಿಯದ್ದನ್ನು ತಿಳಿದಂತೆ ಬರೆದುಬಿಡುವವನ ಅಜ್ಞಾನಕ್ಕೂ ಅಂತರವಿದೆ. ಮೊದಲನೆಯದು ಹುಡುಕಾಟದ ಬಾಗಿಲು. ಎರಡನೆಯದು ಮುಚ್ಚಿದ ಕಡತ. ಖಾಲಿ ಚೌಕ ನಮ್ಮನ್ನು 'ಹೋಗಿ ಕೇಳು' ಎಂದು ಕಾಡುತ್ತದೆ. ಸೊನ್ನೆ ಕಾಡುವುದಿಲ್ಲ.

ಉತ್ತರ ನೋಡಿ ತುಂಬಿದ ಪ್ರಶ್ನೆ

ಹಾಗಾದರೆ ಆ ಸೊನ್ನೆಗಳನ್ನು ಏನು ಮಾಡಬೇಕು? ಆತ ವಿಧಾನವನ್ನು ವಿವರಿಸಿದ. ಮೊದಲು ನಂಬಲಾಗದ ಸೊನ್ನೆಗಳನ್ನು ಅಳಿಸಿ 'ಇಲ್ಲಿ ಅಳತೆ ಇಲ್ಲ' ಎಂದು ಗುರುತಿಸಬೇಕು. ಯಂತ್ರ ಖಾಲಿ ಚೌಕವನ್ನು ಒಪ್ಪದಿದ್ದರೆ ಅಲ್ಲಿ ಒಂದು ಅಂದಾಜಿನ ಸಂಖ್ಯೆ ಇಡಬೇಕು. ಸಾಮಾನ್ಯವಾಗಿ ಆ ಅಂಕಣದ ಮಧ್ಯಾಂಕ, ಅಂದರೆ ಎಲ್ಲರನ್ನೂ ಏರಿಕೆಯ ಕ್ರಮದಲ್ಲಿ ನಿಲ್ಲಿಸಿದಾಗ ನಡುವೆ ನಿಲ್ಲುವವರ ಸಂಖ್ಯೆ. ಜೊತೆಗೆ ಪಕ್ಕದಲ್ಲೇ ಇನ್ನೊಂದು ಅಂಕಣ ತೆರೆದು, ಇದು ಅಳೆದದ್ದೋ ನಾವು ತುಂಬಿದ್ದೋ ಎಂದು ಬರೆಯಬಹುದು. ಈ ಮಧ್ಯಾಂಕವನ್ನೂ ಕಲಿಕೆಯ 614 ಸಾಲುಗಳಿಂದ ಮಾತ್ರ ಲೆಕ್ಕಹಾಕಬೇಕು; ಮುಚ್ಚಿಟ್ಟ 154ನ್ನು ಮುಟ್ಟಕೂಡದು. ಮುಟ್ಟಿದರೆ ಪ್ರಶ್ನೆಪತ್ರಿಕೆ ಮೊದಲೇ ಸೋರಿದಂತಾಗುತ್ತದೆ. ಇದನ್ನು ಅವರು 'ಸೋರಿಕೆ' ಎಂದೇ ಕರೆಯುತ್ತಾರೆ.

ಇಷ್ಟು ಹೇಳಿ ಆತ ಮೆಲ್ಲನೆ ತನ್ನ ನಿಜವಾದ ಸಂಕಟವನ್ನು ಹೊರಹಾಕಿದ. ಅವನ ಗೆಳೆಯನೊಬ್ಬ ಇದೇ ಕೋಷ್ಟಕದಿಂದ ನೂರಕ್ಕೆ ತೊಂಬತ್ತರ ಹತ್ತಿರದ ಫಲಿತಾಂಶ ತೋರಿಸುತ್ತಿದ್ದಾನೆ. ಅದು ಹೇಗೆಂದರೆ, ಇನ್ಸುಲಿನ್ ಅಳತೆ ಇಲ್ಲದ ಕಡೆ ಎಲ್ಲರಿಗೂ ಒಂದೇ ಮಧ್ಯಾಂಕ ತುಂಬಲಿಲ್ಲ; ಉತ್ತರದ ಅಂಕಣವನ್ನು ನೋಡಿ, ರೋಗವಿಲ್ಲದವರಿಗೆ 102.5 ಎಂದೂ ರೋಗವಿದ್ದವರಿಗೆ 169.5 ಎಂದೂ ತುಂಬಿದ. ಆ ಎರಡು ಗುಂಪುಗಳ ಮಧ್ಯಾಂಕಗಳು ಅವು. ಇದನ್ನು ಆತನೊಬ್ಬನೇ ಮಾಡಿಲ್ಲ. ಕಲಿಯುವವರು ಪರಸ್ಪರ ಹಂಚಿಕೊಳ್ಳುವ ಎಷ್ಟೋ ಮಾದರಿ ಲೆಕ್ಕಗಳಲ್ಲಿ ಇದೇ ಪದ್ಧತಿಯಿದೆ. ಅರ್ಧದಷ್ಟು ಸಾಲುಗಳಲ್ಲಿ ಉತ್ತರವನ್ನೇ ಪ್ರಶ್ನೆಯೊಳಗೆ ಗುಟ್ಟಾಗಿ ಬರೆದಿಟ್ಟ ಮೇಲೆ ಯಂತ್ರ ಜಾಣನಾಗದೆ ಇರುತ್ತದೆಯೇ? ಅದು 169.5 ಎಂಬ ಸಂಖ್ಯೆಯನ್ನು ಕಂಡೊಡನೆ 'ರೋಗವಿದೆ' ಎನ್ನುತ್ತದೆ.

ನಾಳೆ ಆಸ್ಪತ್ರೆಗೆ ಒಬ್ಬ ಹೊಸ ತಾಯಿ ಬರುತ್ತಾಳೆ. ಆಕೆಯ ಇನ್ಸುಲಿನ್ ಅಳೆದಿಲ್ಲ. ಈಗ ಯಾವ ಸಂಖ್ಯೆ ತುಂಬುವುದು? ರೋಗವಿದೆಯೋ ಇಲ್ಲವೋ ತಿಳಿದರೆ ತುಂಬಬಹುದಿತ್ತು. ಅದು ತಿಳಿಯಬೇಕೆಂದೇ ಆಕೆ ಬಂದಿದ್ದಾಳೆ. ತೊಂಬತ್ತು ಅಂಕ ಪಡೆದ ಯಂತ್ರ ಆಕೆಯ ಮುಂದೆ ಬರಿಗೈಯಲ್ಲಿ ನಿಲ್ಲುತ್ತದೆ. ಸುಳ್ಳು ಹೇಳಬೇಕೆಂಬ ಉದ್ದೇಶ ಆ ಗೆಳೆಯನಿಗಿರಲಿಲ್ಲ. ಅಂಕ ಏರಿದ್ದನ್ನು ಕಂಡು ಹಿಗ್ಗಿದ, ಏಕೆ ಏರಿತೆಂದು ಕೇಳಲಿಲ್ಲ. ನಮಗೆ ಅನುಕೂಲವಾದ ಫಲಿತಾಂಶವನ್ನು ಪ್ರಶ್ನಿಸದಿರುವುದು ಕೂಡ ಸತ್ಯಕ್ಕೆ ಬೆನ್ನು ತಿರುಗಿಸುವ ಒಂದು ರೀತಿಯೆಂದು ನನಗನ್ನಿಸುತ್ತದೆ. ಪ್ರತಿಕೂಲವಾದದ್ದನ್ನು ನಾವೆಲ್ಲರೂ ನೂರು ಬಾರಿ ಪರೀಕ್ಷಿಸುತ್ತೇವೆ.

ಯಾವ ತಪ್ಪು ಸಣ್ಣದು?

ನನ್ನ ಗೆಳೆಯನ ಮೊದಲ ಲೆಕ್ಕಕ್ಕೆ ಮರಳೋಣ. 154ರಲ್ಲಿ 119 ಸರಿ, 35 ತಪ್ಪು. ಆ 35 ತಪ್ಪುಗಳನ್ನು ಬಿಡಿಸಿ ತೋರಿಸು ಎಂದೆ. ಪರೀಕ್ಷೆಯ ಗುಂಪಿನಲ್ಲಿ ರೋಗ ಬಂದವರು 54 ಮಂದಿ. ಯಂತ್ರ ಅವರಲ್ಲಿ 34 ಮಂದಿಯನ್ನು ಗುರುತಿಸಿತ್ತು. 20 ಮಂದಿಗೆ 'ನಿಮಗೇನೂ ಇಲ್ಲ' ಎಂದಿತ್ತು. ರೋಗವಿಲ್ಲದ 100 ಮಂದಿಯಲ್ಲಿ 15 ಮಂದಿಯನ್ನು ವೃಥಾ ಹೆದರಿಸಿತ್ತು.

ಈ ಎರಡು ತಪ್ಪುಗಳು ಸಮಾನವೇ? ವೃಥಾ ಹೆದರಿದವರು ಇನ್ನೊಂದು ರಕ್ತಪರೀಕ್ಷೆ ಮಾಡಿಸಿಕೊಂಡು ನಿರಾಳವಾಗುತ್ತಾರೆ. ಏನೂ ಇಲ್ಲವೆನ್ನಿಸಿಕೊಂಡು ಮನೆಗೆ ಹೋದವರು ಕಣ್ಣು, ಮೂತ್ರಪಿಂಡ, ಕಾಲುಗಳಿಗೆ ಕೇಡು ತಟ್ಟಿದ ಮೇಲೆ ಮರಳಿ ಬರುತ್ತಾರೆ. 'ನೂರಕ್ಕೆ 77' ಎಂಬ ಒಂದೇ ಸಂಖ್ಯೆ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

ಯಂತ್ರ ನೇರವಾಗಿ ಹೌದು ಅಥವಾ ಇಲ್ಲ ಎನ್ನುವುದಿಲ್ಲವಂತೆ. ಸೊನ್ನೆಯಿಂದ ಒಂದರ ನಡುವಿನ ಒಂದು ಸಂಭವನೀಯತೆಯನ್ನು ಕೊಡುತ್ತದೆ. ಅರ್ಧಕ್ಕಿಂತ ಹೆಚ್ಚಿದ್ದರೆ ರೋಗವೆಂದು ಪರಿಗಣಿಸುವುದು ರೂಢಿ. ಆ ಗೆರೆಯನ್ನು ಅರ್ಧದಲ್ಲಿಯೇ ಎಳೆಯಬೇಕೆಂದು ಯಾವ ಗಣಿತವೂ ವಿಧಿಸಿಲ್ಲ, ಎಳೆಯುವವನು ಮನುಷ್ಯ. ಸೊನ್ನೆಗಳನ್ನು ಸರಿಪಡಿಸಿ ಮತ್ತೆ ಕಲಿಸಿದ ಬಳಿಕ, ಕಲಿಕೆಯ ಸಾಲುಗಳನ್ನೇ ನೋಡಿ, ಆತ ಗೆರೆಯನ್ನು 0.3ಕ್ಕೆ ಇಳಿಸಿದ. ಈಗ ಪರೀಕ್ಷೆಯಲ್ಲಿ 54ರಲ್ಲಿ 45 ಮಂದಿ ರೋಗಿಗಳು ಗುರುತಾದರು. ವೃಥಾ ಹೆದರಿದವರು 31 ಮಂದಿಯಾದರು. ಒಟ್ಟು ಸರಿಯುತ್ತರ 114ಕ್ಕೆ ಇಳಿಯಿತು. ನೂರಕ್ಕೆ 74. ಅಂಕ ಕಡಿಮೆಯಾಯಿತು, ಕಾಣದೆ ಉಳಿದ ರೋಗಿಗಳು ಇಪ್ಪತ್ತರಿಂದ ಒಂಬತ್ತಕ್ಕೆ ಇಳಿದರು. ಯಾವುದು ಉತ್ತಮ ಎಂಬುದನ್ನು ಪೈಥಾನ್ ಹೇಳಲಾರದು. ಲೆಕ್ಕ ಮುಗಿದಲ್ಲಿ ವಿವೇಕದ ಕೆಲಸ ಆರಂಭವಾಗುತ್ತದೆ. ಆ ಕೆಲಸವನ್ನು ಯಂತ್ರಕ್ಕೆ ವಹಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ.

ಕೋಷ್ಟಕದಲ್ಲಿಲ್ಲದ ನದಿ

ಆತ ಹೊರಟ ಮೇಲೆ ನನ್ನ ಮನಸ್ಸು ಆ 768 ಮಹಿಳೆಯರ ಕಡೆಗೇ ಹರಿಯಿತು. ಅವರ ಬಗ್ಗೆ ಓದಿದೆ. ಪಿಮಾ ಎಂಬುದು ಹೊರಗಿನವರು ಇಟ್ಟ ಹೆಸರು. ತಮ್ಮ ಭಾಷೆಯಲ್ಲಿ ಅವರು ಅಕಿಮೆಲ್ ಓಓಧಾಮ್, ಅಂದರೆ ನದಿಯ ಜನ. ಗೀಲಾ ನದಿಯಿಂದ ಕಾಲುವೆ ತೋಡಿ, ಮರಳುಗಾಡಿನಲ್ಲಿ ಬೆಳೆ ತೆಗೆದ ರೈತರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಆ ದಾರಿಯಾಗಿ ಹೋಗುವ ಪ್ರಯಾಣಿಕರಿಗೆ ಗೋಧಿ ಮಾರುವಷ್ಟು ಸಮೃದ್ಧಿ ಅವರಲ್ಲಿತ್ತು. ಆ ಶತಮಾನದ ಕೊನೆಯ ದಶಕಗಳಲ್ಲಿ ಹೊಸದಾಗಿ ನೆಲೆಸಿದವರು ಮೇಲ್ಭಾಗದಲ್ಲಿಯೇ ನದಿಯ ನೀರನ್ನು ತಿರುಗಿಸಿಕೊಂಡರು. ಹೊಲಗಳು ಒಣಗಿದವು, ಹಸಿವು ಬಂತು. ದುಡಿದು ಉಣ್ಣುತ್ತಿದ್ದವರು ಸರ್ಕಾರ ಹಂಚುವ ಹಿಟ್ಟು, ಕೊಬ್ಬು, ಸಕ್ಕರೆಯನ್ನು ನೆಚ್ಚಬೇಕಾಯಿತು. ಬಳಿಕ ಸಕ್ಕರೆ ಕಾಯಿಲೆ ಅವರಲ್ಲಿ ಮನೆಮಾತಾಯಿತು. 1965ರಿಂದ ಸಂಶೋಧಕರು ಅವರನ್ನು ದಶಕಗಳ ಕಾಲ ಅಧ್ಯಯನ ಮಾಡಿದರು. ಈ ರೋಗದ ಬಗ್ಗೆ ಇಂದು ವೈದ್ಯರಿಗೆ ತಿಳಿದಿರುವುದರಲ್ಲಿ ಆ ಜನರ ಕೊಡುಗೆ ದೊಡ್ಡದು.

ರಕ್ತದಲ್ಲೇ ದೋಷವಿರಬಹುದಲ್ಲ ಎಂದು ಯಾರಾದರೂ ಕೇಳಬಹುದು. ಅನುವಂಶಿಕತೆಯ ಪಾತ್ರ ಇದ್ದೇ ಇದೆ. ಆದರೆ ಇದೇ ಜನಾಂಗದ ಬಂಧುಗಳು ಮೆಕ್ಸಿಕೋದ ಗುಡ್ಡಗಾಡಿನಲ್ಲಿ ಬೇಸಾಯದ, ಮೈಮುರಿದು ದುಡಿಯುವ ಬದುಕನ್ನು ನಡೆಸುತ್ತಿದ್ದರು. 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಮೆರಿಕದ ಪಿಮಾ ಜನರಲ್ಲಿ ನೂರಕ್ಕೆ 38 ಮಂದಿಗೆ ಮಧುಮೇಹವಿದ್ದರೆ, ಮೆಕ್ಸಿಕೋದ ಅವರ ಬಂಧುಗಳಲ್ಲಿ ನೂರಕ್ಕೆ 6.9 ಮಂದಿಗೆ ಮಾತ್ರ ಇತ್ತು. ಒಂದೇ ಬೇರಿನ ಎರಡು ಕೊಂಬೆಗಳು. ಬದುಕಿನ ದಾರಿ ಬೇರೆ.

ಕೋಷ್ಟಕದಲ್ಲಿ ಎಂಟು ಅಂಕಣಗಳಿವೆ. ನದಿಗೆ ಅಂಕಣವಿಲ್ಲ. ಆದುದರಿಂದ ಯಂತ್ರ ಎಷ್ಟೇ ಚೆನ್ನಾಗಿ ಕಲಿತರೂ ರೋಗದ ಕಾರಣವನ್ನು ಆ ಹೆಣ್ಣುಮಕ್ಕಳ ತೂಕದಲ್ಲಿ, ವಯಸ್ಸಿನಲ್ಲಿ, ರಕ್ತದಲ್ಲಿ ಮಾತ್ರ ಹುಡುಕುತ್ತದೆ. ಕಳೆದುಹೋದ ನೀರನ್ನು ಅದು ಕಾಣಲಾರದು. 2004ರಲ್ಲಿ ಅಮೆರಿಕದ ಸಂಸತ್ತು ಕಾನೂನೊಂದನ್ನು ತಂದು ಆ ಜನರ ನೀರಿನ ಹಕ್ಕನ್ನು ಇತ್ಯರ್ಥಗೊಳಿಸಿತು. ಆ ನ್ಯಾಯವನ್ನು ದೊರಕಿಸಿದ್ದು ಯಾವ ಕೋಷ್ಟಕವೂ ಅಲ್ಲ, ತಮ್ಮ ನದಿಯನ್ನು ನೆನಪಿಟ್ಟುಕೊಂಡ ಮನುಷ್ಯರು. ಅರ್ವೈನ್ ಭಂಡಾರವು ಅನುಮತಿಯ ಮಿತಿಯ ಕಾರಣದಿಂದ ಈ ಕೋಷ್ಟಕವನ್ನು ಈಗ ತೆಗೆದುಹಾಕಿದೆ. ಆದರೆ ಪ್ರತಿಗಳು ಎಲ್ಲೆಡೆ ಹರಡಿವೆ. ನಮ್ಮ ಹುಡುಗ ಕಲಿಯುತ್ತಿರುವುದೂ ಅಂಥ ಒಂದು ಪ್ರತಿಯ ಮೇಲೆಯೇ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು ಎನ್ನುತ್ತಾರೆ. ಸಂಖ್ಯಾಶಾಸ್ತ್ರವೆಲ್ಲವೂ ಈ ಮಾತಿನ ಮೇಲೆಯೇ ನಿಂತಿದೆ. ಆದರೆ ಅಗುಳು ಅದೇ ಗಡಿಗೆಯದ್ದಾಗಿರಬೇಕು. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯೊಂದು ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆಯೆಂದು ಅಂದಾಜಿಸಿದೆ. ನಮ್ಮವರಿಗೆ ಪಾಶ್ಚಾತ್ಯರಿಗಿಂತ ಕಡಿಮೆ ದೇಹತೂಕದಲ್ಲಿಯೇ ಈ ರೋಗ ತಗಲುತ್ತದೆ. ಆದ್ದರಿಂದಲೇ ದೇಹತೂಕದ ಸೂಚ್ಯಂಕ 25 ದಾಟಿದರೆ ಅಲ್ಲಿ ಅಧಿಕ ತೂಕವೆಂದರೆ, ಇಲ್ಲಿ 23ರಲ್ಲೇ ಎಚ್ಚರಿಸುತ್ತಾರೆ. ಅರಿಜೋನಾದ ಮಹಿಳೆಯರಿಂದ ಕಲಿತ ಯಂತ್ರವನ್ನು ಹಾಗೆಯೇ ತಂದು ನಮ್ಮ ಹಳ್ಳಿಯ ತೆಳ್ಳಗಿನ ತಾಯಂದಿರ ಮುಂದೆ ಕೂರಿಸಿದರೆ ಅದು ಆತ್ಮವಿಶ್ವಾಸದಿಂದ ತಪ್ಪು ಹೇಳಬಹುದು. ತಾನು ಯಾರಿಂದ ಕಲಿತೆ ಎಂಬುದನ್ನು ಅದು ತಾನಾಗಿ ಹೇಳುವುದಿಲ್ಲ. ಹೇಳಬೇಕಾದವರು ಅದನ್ನು ತಂದವರು, ಕೇಳಬೇಕಾದವರು ನಾವು.

ಮತ್ತೆ ಹೋಗಬೇಕು

ಎರಡು ವಾರಗಳ ಬಳಿಕ ಆ ಯುವಕ ಮತ್ತೆ ಬಂದ. ತನ್ನ ಲೆಕ್ಕದ ಆರಂಭದಲ್ಲಿಯೇ ಕೆಲವು ವಾಕ್ಯಗಳನ್ನು ಸೇರಿಸಿದ್ದ: ಈ ಕೋಷ್ಟಕ ಯಾರದ್ದು, ಯಾವ ಸೊನ್ನೆಗಳನ್ನು 'ಅಳೆದಿಲ್ಲ' ಎಂದು ತಾನು ಭಾವಿಸಿದ್ದೇನೆ, ಅಲ್ಲಿ ಏನು ತುಂಬಿದ್ದೇನೆ, ಯಾರಿಗೆ ಇದನ್ನು ಬಳಸಬಾರದು. ಕೊನೆಯಲ್ಲಿ ನೂರಕ್ಕೆ 74 ಎಂದಿತ್ತು. "ಫಾದರ್, ಗೆಳೆಯ ತೊಂಬತ್ತು ತೋರಿಸುತ್ತಾನೆ, ನಾನು ಎಪ್ಪತ್ತನಾಲ್ಕು ತೋರಿಸಬೇಕು. ಕೆಲಸ ಸಿಗುತ್ತದೆಯೇ?" ಎಂದು ಕೇಳಿದ.

ಸಿಗುತ್ತದೆ ಎಂದು ಹೇಳಲು ನಾಲಿಗೆ ತುದಿಯವರೆಗೆ ಬಂತು. ಮನೆಯಲ್ಲಿ ಅವನ ಸಂಬಳವನ್ನು ಕಾಯುತ್ತಿರುವವರಿದ್ದಾರೆಂದು ನನಗೆ ಗೊತ್ತು. ಆದರೆ ಖಾಲಿ ಚೌಕವನ್ನು ಖಾಲಿಯಾಗಿಯೇ ಬಿಡಬೇಕೆಂದು ಅವನಿಗೆ ಉಪದೇಶಿಸಿದವನು ನಾನೇ ಅದನ್ನು ತುಂಬುವುದು ಹೇಗೆ? "ಗೊತ್ತಿಲ್ಲಪ್ಪ" ಎಂದೆ. "ಆದರೆ ಮುಂದೊಂದು ದಿನ ನಿನ್ನ ಯಂತ್ರದ ಮಾತನ್ನು ನಂಬಿ ಒಬ್ಬ ತಾಯಿ ಮನೆಗೆ ಹೋಗುತ್ತಾಳೆ. ಆಕೆಗೆ ನೀನು ಯಾವ ಸಂಖ್ಯೆ ಹೇಳಬಯಸುತ್ತೀಯೋ ಅದನ್ನೇ ಅವರಿಗೂ ಹೇಳು." ಆತ ತಲೆಯಾಡಿಸಿ ಹೊರಟ. ಸಂದರ್ಶನ ಇನ್ನೂ ನಡೆಯಬೇಕಿದೆ.

ಪ್ರಿಯ ಓದುಗರೇ, ನಿಮ್ಮಲ್ಲಿ ಅನೇಕರ ಮಕ್ಕಳು ಇಂಥ ವಿದ್ಯೆಯನ್ನು ಕಲಿಯುತ್ತಿರಬಹುದು. ಅವರ ಅಂಕ ಎಷ್ಟೆಂದು ಕೇಳುವ ಜೊತೆಗೆ, ಅವರ ಕೋಷ್ಟಕದ ಸಾಲುಗಳಲ್ಲಿ ಯಾರಿದ್ದಾರೆ ಎಂದೂ ಕೇಳಿ. ಕಂಪ್ಯೂಟರ್ ಮುಟ್ಟದವರಿಗೂ ಈ ಮಾತು ಅನ್ವಯಿಸುತ್ತದೆ. ನೆರೆಮನೆಯವರ ಬಗ್ಗೆ, ಸೊಸೆಯ ಬಗ್ಗೆ, ಬಹುದಿನ ಕಾಣದ ಬಂಧುವಿನ ಬಗ್ಗೆ ನಮಗೆ ತಿಳಿಯದ್ದನ್ನು ನಾವು ದಿನವೂ ಯಾವುದೋ ಒಂದು ಸಂಖ್ಯೆಯಿಂದ ತುಂಬಿಬಿಡುತ್ತೇವೆ. ಬಹುಪಾಲು ಅದು ಸೊನ್ನೆಯೇ ಆಗಿರುತ್ತದೆ.

ನನ್ನ ಮನೆಪಟ್ಟಿಯಲ್ಲಿ ಈಗಲೂ ಕೆಲವು ಚೌಕಗಳು ಖಾಲಿ ಇವೆ. ನೋಡಲು ಅಂದವಾಗಿಲ್ಲ. ಅವುಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಿದ್ದೇನೆ: ಬೀಗ ಹಾಕಿತ್ತು, ಮತ್ತೆ ಹೋಗಬೇಕು.